ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್, ಹದಿನಾಲ್ಕು ತಿಂಗಳ ನಂತರ: ಓಟ ಜಾಸ್ತಿ, ಆದರೂ ಬಿಡಲಾರೆ

ಕಳೆದ ವರ್ಷ ಆಟಿ ತಿಂಗಳ ಮಳೆಗಾಲದಲ್ಲಿ ಅಂಗಳದ ಹಾವಸೆಗೆ ಜಾರಿ ಬಿದ್ದು ಪಾದದ ಎಲುಬು ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರ್. ತೋಟಕ್ಕೆ ಇಳಿಯುವ ಹಾಗಿಲ್ಲ, ಬದಿಯಡ್ಕ ಪೇಟೆಗೂ ಹೋಗುವ ಹಾಗಿಲ್ಲ. ಒಂದು ದಿನ ಮಗನಿಗೆ ಹೇಳಿ ಅಟ್ಟದಿಂದ ಎರಡು ಬಿಸ್ಕತ್ತು ಡಬ್ಬ ಇಳಿಸಿಕೊಂಡೆ. ಒಳಗೆ 63 ಕ್ಯಾಸೆಟ್. ಹೆಚ್ಚಿನವು ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದ ಯಕ್ಷಗಾನ: ಭಾಗವತರು ಪದ ಹಾಡುತ್ತಾರೆ, ಉಳಿದವರು ಕೂತಲ್ಲೇ ಪಾತ್ರಗಳಾಗಿ ಮಾತಾಡುತ್ತಾರೆ, ಆ ಮಾತಿಗೆ 'ಅರ್ಥ' ಎನ್ನುತ್ತಾರೆ. ಕೆಲವು ಅಂಗಡಿಯಿಂದ ತಂದವು, ಉಳಿದವು ನಮ್ಮ ಮನೆಯಲ್ಲಿ, ನೆಂಟರ ಮನೆಯಲ್ಲಿ ನಾವೇ ರೆಕಾರ್ಡ್ ಮಾಡಿದವು.

ಹಳೆಯ ಟೇಪ್ ರೆಕಾರ್ಡರ್ ಬಿಚ್ಚಿದರೆ ಬೆಲ್ಟ್ ಕರಗಿ ಡಾಮರಿನ ಹಾಗೆ ಅಂಟಿಕೊಂಡಿತ್ತು. ಹಾಗಾಗಿ 1,900 ರೂಪಾಯಿ ಕೊಟ್ಟು ಈ ಅಂಗೈಯಗಲದ ಪ್ಲೇಯರ್ ತರಿಸಿದೆ. ವಯರನ್ನು ಲ್ಯಾಪ್‌ಟಾಪಿಗೆ ಚುಚ್ಚಿದರೆ ಕ್ಯಾಸೆಟ್ಟಿನಲ್ಲಿದ್ದದ್ದು ಫೈಲ್ ಆಗುತ್ತದೆ. ಇದರ ಗುಣವಿಶೇಷ ಎಲ್ಲ ಕಡೆ ಬರೆದಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ. ಯಾರೂ ಬರೆಯದ ಒಂದು ದೋಷದ ಬಗ್ಗೆ ಹೇಳಬೇಕು.

ಇದು ಓಡುವುದು ಬೇಗ.

ಮೊದಲು ಹಾಕಿದ್ದು ಬಲಿಪ ನಾರಾಯಣ ಭಾಗವತರ ಪದ. ಟೇಪ್ ಬೇಗ ಓಡಿದರೆ ಸ್ವರವೂ ಏರುತ್ತದೆ, ಆದರೆ ಅವರದ್ದು ಮೊದಲೇ ಏರು ಶ್ರುತಿ, ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಆಮೇಲೆ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಹಾಕಿದೆ. ಎರಡು ನಿಮಿಷ ಆಗಿರಬಹುದು, ಅಡುಗೆಮನೆಯಿಂದ ಅಮ್ಮ ಕೇಳಿದಳು, "ಅವು ಹೀಂಗೆ ಬೇಗ ಬೇಗ ಮಾತಾಡುಗೋ ಮಗಾ?"

ಹೌದಲ್ವಾ! ಶೇಣಿಯವರ ಅರ್ಥ ಕೇಳಿದವರಿಗೆ ಗೊತ್ತು. ಒಂದು ಮಾತು ಹೇಳಿ ನಿಲ್ಲಿಸುತ್ತಾರೆ. ಆ ಮಾತು ಸಭೆಗೆ ಇಳಿಯಬೇಕು, ಎದುರಿನವರು ಉತ್ತರಕ್ಕೆ ತಯಾರಾಗಬೇಕು. ಆ ನಿಲುಗಡೆಯಲ್ಲೇ ಅರ್ಧ ಅರ್ಥ ಇರುವುದು. ಈ ಪ್ಲೇಯರ್ ಅದನ್ನೇ ತಿಂದು ಹಾಕುತ್ತಿತ್ತು. ನನಗೆ ನಿಜವಾಗಿ ಸಿಟ್ಟು ಬಂತು. ಮಾರಿದವರಿಗೆ ಮೂರು ಸಲ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ. ವಾಪಸ್ ಕಳಿಸುವ ದಿನವೂ ದಾಟಿತ್ತು. ಆಗ ಈ ವಿಮರ್ಶೆ ಬರೆದಿದ್ದರೆ ಒಂದೇ ಸ್ಟಾರ್ ಕೊಡುತ್ತಿದ್ದೆ.

ಎಷ್ಟು ಬೇಗ ಓಡುತ್ತದೆ ಎಂದು ಗೊತ್ತು ಮಾಡುವುದು ಹೇಗೆ? ದಾರಿ ಮನೆಯಲ್ಲೇ ಇತ್ತು. ಒಂದು ಕ್ಯಾಸೆಟ್ಟಿನ ಮೇಲೆ ದೊಡ್ಡಪ್ಪನ ಅಕ್ಷರದಲ್ಲಿ "ನಮ್ಮ ಮನೆ, ಮೇ 1991, ಭಾಗ 2" ಎಂದಿದೆ. ಆ ದಿನ ಶ್ರುತಿ ಹಿಡಿದದ್ದು ದೊಡ್ಡಪ್ಪನ ಹಾರ್ಮೋನಿಯಂ. ಅದೇ ಪೆಟ್ಟಿಗೆ ಈಗಲೂ ಚಾವಡಿಯಲ್ಲಿದೆ, ಧೂಳು ಹೊಡೆದು ಗಾಳಿ ಹಾಕಿದರೆ ನುಡಿಯುತ್ತದೆ. ಕ್ಯಾಸೆಟ್ ಹಾಕಿ, ಅವರು ಹಿಡಿಯುತ್ತಿದ್ದ ಮನೆಯನ್ನೇ (ಹಾರ್ಮೋನಿಯಂ ಕೀಲಿಯನ್ನೇ) ಒತ್ತಿದೆ. ಸೇರಲಿಲ್ಲ. ಮೇಲಿನ ಮನೆ ಒತ್ತಿದೆ. ಸರಿಯಾಗಿ ಕೂಡಿತು. ಅಂದರೆ ಪೂರಾ ಒಂದು ಮನೆ ಏರಿದೆ, ಸುಮಾರು 6 ಶೇಕಡಾ ವೇಗ ಜಾಸ್ತಿ. 45 ನಿಮಿಷದ ಒಂದು ಬದಿ ನಲವತ್ತೆರಡೂವರೆ ನಿಮಿಷಕ್ಕೇ ಮುಗಿಯುತ್ತದೆ.

ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿದೆ. ಮೋಟರಿನ ಹಿಂಬದಿ ಸಣ್ಣ ಕಿಂಡಿ, ಅದರೊಳಗೆ ಇನ್ನೂ ಸಣ್ಣ ತಿರುಪು. ವಾಚ್ ರಿಪೇರಿಯ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸುವುದು, ಹಾರ್ಮೋನಿಯಂ ಒತ್ತುವುದು, ಪುನಃ ತಿರುಗಿಸುವುದು. ಎಡಗೈಯಲ್ಲಿ ಗಾಳಿ ಹಾಕುತ್ತಾ ಅರ್ಧ ಗಂಟೆ ಕೂತೆ. ಎರಡು ಸ್ವರಗಳ ನಡುವಿನ ಅದುರು ನಿಧಾನವಾಗಿ ಕಡಿಮೆಯಾಗಿ, ಕಡೆಗೆ ನಿಂತೇ ಹೋಯಿತು. ಚಾವಡಿಯಲ್ಲಿರುವ ಪೆಟ್ಟಿಗೆ ಯಾವುದು, ಕ್ಯಾಸೆಟ್ಟಿನೊಳಗಿನದ್ದು ಯಾವುದು ಎಂದು ಗೊತ್ತಾಗಲಿಲ್ಲ. ಅಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದು ಬಾಗಿಲ ಹತ್ತಿರ ನಿಂತಳು. ಅಷ್ಟರಲ್ಲಿ ಕ್ಯಾಸೆಟ್ಟಿನೊಳಗಿಂದ, ಪದದ ನಡುವೆ, ಯಾರಿಗೋ ದೊಡ್ಡಮ್ಮ ಕೇಳಿದ್ದು ಕೇಳಿಸಿತು: "ಆಸರಿಂಗೆ ಎಂತ ಬೇಕು?" (ಬಾಯಾರಿಕೆಗೆ ಏನು ಬೇಕು?) ಅದು ದೊಡ್ಡಮ್ಮನದ್ದೇ ಸ್ವರ, ಒಂಚೂರೂ ಏರದೆ, ಇಳಿಯದೆ.

ಅಂದಿನಿಂದ ಕೂತ ದಿನ ಒಂದೇ ಕ್ಯಾಸೆಟ್ ಎಂದು ಇಟ್ಟುಕೊಂಡಿದ್ದೇನೆ. ಕಾಲು ಸರಿಯಾದ ಮೇಲೂ ಬಿಡಲಿಲ್ಲ. ಸಂಜೆ ಕಾಫಿ ಆದ ಮೇಲೆ ಕಿಟಕಿ ಹತ್ತಿರ ಕೂತು, ಮೊದಲು ಟೇಪಿನ ಸುರುಳಿ ನೋಡುತ್ತೇನೆ, ಬಿಳಿ ಬೂಸ್ಟು ಹಿಡಿದಿದೆಯಾ ಅಂತ. ಒಲೆಯ ಮೇಲಿನ ಅಟ್ಟದಲ್ಲಿದ್ದವು ಚೆನ್ನಾಗಿವೆ. ಮೊದಲು ಕಬ್ಬಿಣದ ಕಪಾಟಿನಲ್ಲಿದ್ದ ಕೆಲವಕ್ಕೆ ನಮ್ಮ ಮಳೆಗಾಲ ತಾಗಿದೆ, ಅಂಥವನ್ನು ಬೇರೆಯೇ ಇಡುತ್ತೇನೆ. ಅಂಗೈಗೆ ಎರಡು ಸಲ ತಟ್ಟಿ, ಪೆನ್ಸಿಲ್ ತೂರಿಸಿ ಸಡಿಲ ಎಳೆದು, ಒಮ್ಮೆ ಪೂರಾ ಮುಂದೆ ಓಡಿಸಿ ಹಿಂದೆ ತರುತ್ತೇನೆ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಸ್ಪಿರಿಟ್ ಅದ್ದಿ ಪ್ಲೇಯರಿನಲ್ಲಿ ಟೇಪ್ ತಾಗುವ ಹೆಡ್ ಒರೆಸಿದರೆ ಕಂದು ಬಣ್ಣ ಬರುತ್ತದೆ. ಹತ್ತಿ ಬಿಳಿಯಾಗಿ ಬರುವವರೆಗೆ ಒರೆಸಬೇಕು. ಇದು ತಪ್ಪಿದರೆ ಸ್ವರ ಮಂಕು.

ಇನ್ನೆರಡು ವಿಷಯ ನೆನಪಿರಲಿ. ಟೇಪ್ ಮುಗಿದಾಗ ಇದು ತಾನಾಗಿ ನಿಲ್ಲುವುದಿಲ್ಲ, ಎಳೆಯುತ್ತಲೇ ಇರುತ್ತದೆ. 90 ನಿಮಿಷದ ಕ್ಯಾಸೆಟ್ಟಿನ ಟೇಪ್ ತೆಳು, ಆದ್ದರಿಂದ ಎದ್ದು ಹೋಗಬೇಡಿ. ಮತ್ತೆ, ಲ್ಯಾಪ್‌ಟಾಪಿನ ಚಾರ್ಜರ್ ಚುಚ್ಚಿದ್ದರೆ ಗುಂಯ್ ಅನ್ನುವ ಸದ್ದು ಸೇರಿಕೊಳ್ಳಬಹುದು. ನಾನು ಅದನ್ನು ತೆಗೆದಿಟ್ಟೇ ರೆಕಾರ್ಡ್ ಮಾಡುತ್ತೇನೆ. ಜೊತೆಗೆ ಕೊಟ್ಟ ಸಿಡಿ ಮುಟ್ಟಲಿಲ್ಲ, ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಅದೇ ಸಾಕು.

ಸಿನಿಮಾ ಹಾಡಿನ ಕ್ಯಾಸೆಟ್ ಮಾತ್ರ ಇದ್ದರೆ ಇದಕ್ಕೆ ದುಡ್ಡು ಹಾಕಬೇಡಿ, ಅವೆಲ್ಲ ಫೋನಿನಲ್ಲೇ ಸಿಗುತ್ತವೆ. ಮನೆಯಲ್ಲೇ ರೆಕಾರ್ಡ್ ಮಾಡಿದವು ಇದ್ದರೆ ತಗೊಳ್ಳಿ. ಓಟ ಸರಿಮಾಡದೆ ಮಾತ್ರ ಕೇಳಬೇಡಿ. ಬಿಚ್ಚಿದರೆ ವಾರಂಟಿ ಹೋಗುತ್ತದೆ, ನನ್ನದೂ ಹೋಯಿತು. ಮೂರೂವರೆ ಸ್ಟಾರ್ ಕೊಡುತ್ತೇನೆ.

52 ಮುಗಿದಿವೆ, 11 ಉಳಿದಿವೆ. ಆದರೆ 1991ರ "ಭಾಗ 1" ಎರಡೂ ಡಬ್ಬದಲ್ಲಿ ಇಲ್ಲ. ಕುಂಬಳೆಯ ಅತ್ತೆ ಮನೆಯಲ್ಲಿ ಇರಬಹುದು ಎನ್ನುತ್ತಾಳೆ ಅಮ್ಮ. ಬರುವ ಆದಿತ್ಯವಾರ ಅಲ್ಲಿಗೆ ಹೋಗುತ್ತಿದ್ದೇವೆ, ಪ್ಲೇಯರ್ ಮತ್ತು ಹತ್ತಿಕಡ್ಡಿ ಈಗಲೇ ಚೀಲಕ್ಕೆ ಹಾಕಿಟ್ಟಿದ್ದೇನೆ.