ಕೊಬ್ಬರಿ ಮಂಡಿಯಲ್ಲಿ ನೋಟ್‌ಪ್ಯಾಡ್ ಪ್ಲಸ್ ಪ್ಲಸ್: ಮೂರು ವರ್ಷ ಬಳಸಿದ ಮೇಲೆ

ತಿಪಟೂರಿನಲ್ಲಿ ನಮ್ಮದು ಕೊಬ್ಬರಿ ಮಂಡಿ. ದಿನದ ರೇಟು ತೋರಿಸುವ ಒಂದು ವೆಬ್ ಪುಟ ನಾನೇ ಮಾಡೋಣ ಅಂತ, ಅದನ್ನು ಬರೆಯುವ ಭಾಷೆ ಎಚ್‌ಟಿಎಂಎಲ್ ಕಲಿಯಲು ಕೂತೆ. ಇದ್ದದ್ದು ವಿಂಡೋಸ್ 7ರ ಹಳೇ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್.

ಮೊದಲು ಅದರಲ್ಲೇ ಇದ್ದ ಸಾದಾ ಎಡಿಟರ್‌ನಲ್ಲಿ ಬರೆದೆ. ಸೇವ್ ಮಾಡುವಾಗ ಏನೋ ಎಚ್ಚರಿಕೆ ಬಂತು, ಓದದೆ ಓಕೆ ಒತ್ತಿದೆ. ಬ್ರೌಸರ್‌ನಲ್ಲಿ ತೆರೆದರೆ ಮೂರಕ್ಷರದ ‘ಕೊಬ್ಬರಿ’ಗೆ ಏಳು ಪ್ರಶ್ನೆ ಚಿಹ್ನೆ! ಫೈಲ್ ಆನ್ಸಿ ಅನ್ನುವ ಹಳೇ ಅಕ್ಷರ ಸಂಕೇತದಲ್ಲಿ ಸೇವ್ ಆಗಿತ್ತು, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಏಳು ಯಾಕೆ ಅಂದರೆ ಎಲ್ಲ ಭಾಷೆಯ ಅಕ್ಷರಕ್ಕೂ ನಂಬರ್ ಕೊಡುವ ಯುನಿಕೋಡ್‌ನಲ್ಲಿ ಒತ್ವ, ಗುಡಿಸು, ಹಲಂತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ.

ಆಮೇಲೆ ಕೋಡ್ ಬರೆಯುವ ಎಡಿಟರ್ ಆದ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಹಾಕಿಕೊಂಡೆ. ಬಿಟ್ಟಿ ಸಿಗುತ್ತದೆ, ಹಗುರ, 2003ರಿಂದ ಇದೆ. ಹೊಸ ಫೈಲ್ ತಾನಾಗೇ ಯುಟಿಎಫ್-8, ಅಂದರೆ ಕನ್ನಡ ಹಿಡಿಸುವ ಸಂಕೇತ. ಆದರೂ ಪುಟದ ಹೆಡ್ (ಮೇಲ್ಭಾಗದ ಮಾಹಿತಿ) ಒಳಗೆ, ಯಾವ ಸಂಕೇತ ಅಂತ ಬ್ರೌಸರ್‌ಗೆ ಹೇಳುವ ಮೆಟಾ ಚಾರ್‌ಸೆಟ್ ಸಾಲು ನೀವೇ ಬರೆಯಬೇಕು. ಇಲ್ಲದಿದ್ದರೆ ಕನ್ನಡ ಕಲಸುಮೇಲೋಗರ ಆಗಬಹುದು.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಕೋಡಿಗೆ ಅದು ಹಚ್ಚುವ ಬಣ್ಣ. ಒಂದು ದಿನ ‘ಉಂಡೆ ಕೊಬ್ಬರಿ’ ಅನ್ನುವ ಹೆಡಿಂಗಿನ ಟ್ಯಾಗ್ (ಶುರು, ಕೊನೆ ತೋರಿಸುವ ಗುರುತು) ಮುಚ್ಚುವಾಗ ಓರೆಗೆರೆ ಹಾಕಲು ಮರೆತೆ. ಕೆಳಗಿದ್ದ ವಿಳಾಸ, ಫೋನ್ ನಂಬರ್ ಎಲ್ಲ ಬ್ಯಾನರ್ ಸೈಜಿಗೆ ಬಂದವು. ಕರ್ಸರನ್ನು ಟ್ಯಾಗ್ ಮೇಲೆ ಇಟ್ಟರೆ ಅದರ ಜೋಡಿಗೂ ಬಣ್ಣ ಬರುತ್ತದೆ. ಇಲ್ಲಿ ಬರಲಿಲ್ಲ, ತಪ್ಪು ಅಲ್ಲೇ ಸಿಕ್ಕಿತು.

ಇನ್ನೊಂದು ವಿಷಯ, ಕರೆಂಟು. ನಮ್ಮ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಯಾವ ಕಾಲವಾಯಿತೋ. ಈ ಎಡಿಟರ್ ಸೇವ್ ಮಾಡದ ಫೈಲನ್ನೂ 7 ಸೆಕೆಂಡಿಗೊಮ್ಮೆ ಬ್ಯಾಕಪ್ ಇಡುತ್ತದೆ. ಎಷ್ಟೋ ಸಲ ಕರೆಂಟು ಹೋಗಿದೆ, ಬರೆದದ್ದು ಹೋಗಿಲ್ಲ.

ಕೊರತೆ ಇಲ್ಲ ಅಂತಲ್ಲ. ಬದಲಾವಣೆ ನೋಡಲು ಪ್ರತಿ ಸಲ ಸೇವ್ ಮಾಡಿ, ಬ್ರೌಸರ್‌ಗೆ ಹೋಗಿ ಎಫ್5 ಒತ್ತಬೇಕು. ಒತ್ತಕ್ಷರದ ಮಧ್ಯೆ ತಿದ್ದುವುದಂತೂ ಕಿರಿಕಿರಿ, ನಾನು ಪದವನ್ನೇ ಅಳಿಸಿ ಮತ್ತೆ ಟೈಪ್ ಮಾಡುತ್ತೇನೆ.

ತಂಗಿ ಮಗನ ಹೊಸ ಕಂಪ್ಯೂಟರಿನಲ್ಲಿ ವಿಎಸ್ ಕೋಡ್ ಅನ್ನುವ ಇನ್ನೊಂದು ಎಡಿಟರ್ ಇದೆ. ಆಶ್ಚರ್ಯಸೂಚಕ ಹಾಕಿ ಟ್ಯಾಬ್ ಒತ್ತಿದರೆ ಇಡೀ ಪುಟದ ಚೌಕಟ್ಟು ಬಂದುಬಿಡುತ್ತದೆ. ಚೆನ್ನಾಗಿದೆ, ಆದರೆ ಬಾಡಿ (ಪುಟದಲ್ಲಿ ಕಾಣುವ ಭಾಗ) ಎಲ್ಲಿ, ಹೆಡ್ ಎಲ್ಲಿ ಅಂತ ಕೇಳಿದರೆ ಹುಡುಗ ತಡವರಿಸಿದ. ಆ ಚೌಕಟ್ಟಿನಲ್ಲಿ ಭಾಷೆ ಇಂಗ್ಲಿಷ್ ಅಂತ ಇರುತ್ತದೆ, ಕನ್ನಡದ ಪುಟಕ್ಕೆ ಅದನ್ನು ‘ಕೆಎನ್’ ಮಾಡಬೇಕು. ಅವನು ಮಾಡಿರಲಿಲ್ಲ. ಹೊಸ ವಿಎಸ್ ಕೋಡ್ ವಿಂಡೋಸ್ 7ಕ್ಕೆ ಬರುವುದೂ ಇಲ್ಲ, ಹಾಗಾಗಿ ನನಗೆ ಆ ಯೋಚನೆಯೇ ಇಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿತ ಒತ್ತಕ್ಷರಕ್ಕೆ.