ಹಾಲು ಆಳಾದ ಟಿವಿ

ಕಿವಿ ಮಂದವಾಗಿರುವ ನಮ್ಮ ತಂದೆಯವರಿಗಾಗಿ, ಮಾತನ್ನು ತಾನೇ ಕೇಳಿ ಪರದೆಯ ಅಡಿಯಲ್ಲಿ ಕನ್ನಡ ಅಕ್ಷರಗಳಲ್ಲಿ ಮೂಡಿಸುವ ಟಿವಿಯೊಂದನ್ನು ಕೋಲಾರದ ಅಂಗಡಿಯಿಂದ ತಂದು ಮೂರು ತಿಂಗಳಾಯಿತು. ಚಿತ್ರ, ಧ್ವನಿಗಳ ಬಗ್ಗೆ ದೂರಿಲ್ಲ. ಆದರೆ ಈ ಯಂತ್ರಕ್ಕೆ ಹಕಾರ ಅಕಾರಗಳ, ಲಕಾರ ಳಕಾರಗಳ ಭೇದ ತಿಳಿಯದು. ವಾರ್ತೆಯಲ್ಲಿ ‘ಹಾಲಿನ ದರ ಏರಿಕೆ’ ಎಂದದ್ದು ‘ಆಳಿನ ದರ ಏರಿಕೆ’ ಎಂದು ಮೂಡಿದಾಗ, ಟೊಮೆಟೊ ಬೆಳೆಯುವ ತಂದೆಯವರು ಅದು ನಿಜವೇ ಎಂದು ತಲೆಯಾಡಿಸಿದರು. ‘ಕೆರೆಗೆ ನೀರು’ ಹೋಗಿ ‘ಕರೆಗೆ ನೀರು’ ಆಯಿತು. ಮನುಷ್ಯರೇ ಬರೆದು ತಿದ್ದಿದ ಅಡಿಬರಹವಿರುವ ಚಲನಚಿತ್ರಗಳಲ್ಲಿ ಈ ಅವಾಂತರವಿಲ್ಲ. ನೇರಪ್ರಸಾರದಲ್ಲಿ ಮಾತ್ರ ಅಕ್ಷರಗಳು ತಪ್ಪುವುದಲ್ಲದೆ ಮಾತಿಗಿಂತ ಕೆಲವು ಕ್ಷಣ ಹಿಂದುಳಿಯುತ್ತವೆ. ನಮ್ಮ ಸೀಮೆಯ ತೆಲುಗು ಬೆರೆತ ಕನ್ನಡ ಬಂದರಂತೂ ಅದು ಕೈಚೆಲ್ಲಿಬಿಡುತ್ತದೆ. ಅಕ್ಷರಗಳ ಗಾತ್ರವನ್ನು ಬೇಕಾದಷ್ಟು ಹಿಗ್ಗಿಸಬಹುದಾದ ಕಾರಣ, ಹಿಂದಿರುಗಿಸುವ ಯೋಚನೆಯನ್ನು ಸದ್ಯಕ್ಕೆ ಬಿಟ್ಟಿದ್ದೇವೆ.