ಮಳೆಗಾಲದ ಪೇಂಟಿಗೆ ಯಾವ ಹೀಟರ್? ನನ್ನ ಓಟು ಶಾರ್ಟ್ ವೇವ್‌ಗೆ

ಉಡುಪಿ ಹತ್ತಿರ ನಮ್ಮದೊಂದು ಚಿಕ್ಕ ಟಿಂಕರಿಂಗ್, ಪೇಂಟಿಂಗ್ ಶೆಡ್. ಆಟಿ ತಿಂಗಳ ಮಳೆ ಹಿಡಿಯಿತೆಂದರೆ, ಇವತ್ತು ಪ್ರೈಮರ್ ಹೊಡೆದ ಡೋರು ನಾಳೆಯೂ ಎಮರಿ ಪೇಪರಿಗೆ ಅಂಟುತ್ತದೆ. ಅದಕ್ಕೇ ಇನ್‌ಫ್ರಾರೆಡ್ ಹೀಟರ್ ತಗೊಂಡೆ. ಮೊದಲು ಸೆರಾಮಿಕ್ (ಕಾದ ಪಿಂಗಾಣಿ ಬಿಲ್ಲೆಯಿಂದ ಶಾಖ ಕೊಡುವುದು), ಆರು ತಿಂಗಳ ಮೇಲೆ ಶಾರ್ಟ್ ವೇವ್ (ಹೊಳೆಯುವ ಟ್ಯೂಬಿನಿಂದ ಸಣ್ಣ ಅಲೆಯ ಶಾಖ ಕೊಡುವುದು). ಶಾರ್ಟ್ ವೇವನ್ನೇ ಮೊದಲು ತಗೋಬೇಕಿತ್ತು.

ಸೆರಾಮಿಕ್ ಅರ್ಧ ಬೆಲೆಗೆ ಸಿಕ್ಕಿತ್ತು. ಪುಟ್ಟಿ, ಅಂದರೆ ತಗ್ಗು ತುಂಬುವ ಪೇಸ್ಟ್, ಒಣಗಿಸಲು ಏನೂ ತೊಂದರೆ ಇಲ್ಲ. ಕೈ ಕೊಟ್ಟಿದ್ದು ಕ್ಲಿಯರ್ ಕೋಟಿನಲ್ಲಿ, ಅಂದರೆ ಬಣ್ಣದ ಮೇಲೆ ಕೊನೆಗೆ ಹೊಡೆಯುವ ಪಾರದರ್ಶಕ ಪದರದಲ್ಲಿ.

ಕಪ್ಪು ಕಾರಿನ ಬಾನೆಟ್. ಸಂಜೆ ಕ್ಲಿಯರ್ ಹೊಡೆದು, ಸ್ವಲ್ಪ ಹೊತ್ತು ಬಿಟ್ಟು ಹೀಟರ್ ಇಟ್ಟೆ. ಮುಟ್ಟಿದರೆ ಚೆನ್ನಾಗಿ ಒಣಗಿತ್ತು. ಬೆಳಿಗ್ಗೆ ಟ್ಯೂಬ್‌ಲೈಟಿನ ಕೆಳಗೆ ಬಗ್ಗಿ ನೋಡಿದರೆ ಮಧ್ಯದಲ್ಲೆಲ್ಲ ಸೂಜಿಮೊನೆಯಷ್ಟು ತೂತುಗಳು, ಗಸಗಸೆ ಚೆಲ್ಲಿದ ಹಾಗೆ. 2000 ನಂಬರ್ ಎಮರಿಯಲ್ಲಿ ಉಜ್ಜಿ ಪಾಲಿಶ್ ಹಾಕಿದೆ. ತೂತಿನೊಳಗೆ ಬಿಳಿ ಪಾಲಿಶ್ ಕೂತು ಇನ್ನೂ ಎದ್ದು ಕಂಡಿತು. ಕೊನೆಗೆ ಇಡೀ ಬಾನೆಟ್ ಉಜ್ಜಿ ಮತ್ತೆ ಬೇಸ್ (ಬಣ್ಣದ ಪದರ), ಮತ್ತೆ ಕ್ಲಿಯರ್. ಎರಡು ದಿನದ ಕೂಲಿ ಹೋಯಿತು.

ಯಾಕೆ ಹೀಗಾಯಿತು ಅಂದರೆ, ಸೆರಾಮಿಕ್‌ನ ಶಾಖವನ್ನು ಪೇಂಟಿನ ಮೇಲ್ಪದರವೇ ಹೀರಿಕೊಳ್ಳುತ್ತದೆ. ಹಾಲಿನ ಮೇಲೆ ಕೆನೆ ಕಟ್ಟುತ್ತದಲ್ವಾ, ಹಾಗೇ. ಒಳಗೆ ಉಳಿದ ತಿನ್ನರ್ ಆಮೇಲೆ ಆ ಕೆನೆಯನ್ನು ಒಡೆದುಕೊಂಡು ಬರುತ್ತದೆ. ಶಾರ್ಟ್ ವೇವ್‌ನ ಅಲೆಗಳು ಹೆಚ್ಚಾಗಿ 1ರಿಂದ 2 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಆಸುಪಾಸಿನವು. ಅವು ಬಹುಪಾಲು ಕ್ಲಿಯರನ್ನು ದಾಟಿ ಕೆಳಗಿನ ಬಣ್ಣವನ್ನು, ತಗಡನ್ನು ಕಾಯಿಸುತ್ತವೆ. ಪೇಂಟ್ ಕೆಳಗಿನಿಂದ ಒಣಗುತ್ತಾ ಬರುತ್ತದೆ, ತಿನ್ನರಿಗೆ ದಾರಿ ಇರುತ್ತದೆ.

ಇನ್ನೊಂದು, ಸೆರಾಮಿಕ್ ಕಾಯಲು ಹತ್ತು ನಿಮಿಷ ಬೇಕು, ಆರಲೂ ಅಷ್ಟೇ. ಬಿಸಿ ಜಾಸ್ತಿಯಾಯಿತು ಅಂತ ಸ್ವಿಚ್ ಆಫ್ ಮಾಡಿದರೂ ಸುಡುತ್ತಲೇ ಇರುತ್ತದೆ. ಶಾರ್ಟ್ ವೇವ್ ಒಂದೆರಡು ಸೆಕೆಂಡಿನಲ್ಲಿ ಹತ್ತುತ್ತದೆ, ಹಾಗೇ ಆರುತ್ತದೆ.

ಹಾಗಂತ ಅವಸರ ಮಾಡಿದರೆ ಇದರಲ್ಲೂ ತೂತು ಬೀಳುತ್ತದೆ. ನಾನು ಕ್ಲಿಯರ್ ಹೊಡೆದ ಮೇಲೆ ಹತ್ತು ನಿಮಿಷ ಸುಮ್ನೆ ಬಿಡುತ್ತೇನೆ. ಆಮೇಲೆ ಐದು ನಿಮಿಷ ಅರ್ಧ ಪವರ್, ನಂತರ ಪೂರ್ತಿ. ದೂರ 70 ಸೆಂಟಿಮೀಟರ್, ಟೇಪ್ ಹಿಡಿದೇ ಅಳೆಯುತ್ತೇನೆ. ತಗಡು 60ರಿಂದ 70 ಡಿಗ್ರಿ ದಾಟಬಾರದು. ಬಿಳಿಗಿಂತ ಕಪ್ಪು ಬಣ್ಣ ಬೇಗ ಕಾಯುತ್ತದೆ, ಪ್ಲಾಸ್ಟಿಕ್ ಬಂಪರ್ ಇದ್ದರೆ ಇನ್ನೂ ದೂರ ಇಡಿ. ಹೀಟರಿನ ಬೆಳಕು ಬೀಳದ ಮೂಲೆ ಮಾತ್ರ ಒಣಗುವುದಿಲ್ಲ. ಫೆಂಡರಿಗೆ ಎರಡು ಸಲ ಜಾಗ ಬದಲಿಸಬೇಕು.

ನನ್ನದು 3 ಕಿಲೋವ್ಯಾಟ್, ಸಿಂಗಲ್ ಫೇಸ್ ಸಾಕು. ಎಕ್ಸ್‌ಟೆನ್ಶನ್ ಬಾಕ್ಸಿಗೆ ಮಾತ್ರ ಹಾಕಬೇಡಿ. ಹೀಟರಿನ ಟ್ಯೂಬನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೈಯ ಜಿಡ್ಡಿಗೆ ಬೇಗ ಹಾಳಾಗುತ್ತದೆ.

ಗೆಳೆಯನ ಬೇಕಿಂಗ್ ಬೂತನ್ನೂ (ಇಡೀ ಕಾರನ್ನು ಒಳಗಿಟ್ಟು ಬಿಸಿಗಾಳಿಯಲ್ಲಿ ಒಣಗಿಸುವ ಕೋಣೆ) ಬಳಸಿ ನೋಡಿದ್ದೇನೆ. ಇಡೀ ಕಾರಿಗೆ ಅದೇ ಒಳ್ಳೆಯದು. ಆದರೆ ಒಂದು ಡೋರಿಗೋಸ್ಕರ ಅಷ್ಟು ಡೀಸೆಲ್ ಸುಡುವುದು ನನಗೆ ಗಿಟ್ಟುವುದಿಲ್ಲ. ನಮಗೆ ಬರುವುದು ದಿನಕ್ಕೆ ಎರಡು ಮೂರು ಪ್ಯಾನಲ್.

ಸೆರಾಮಿಕ್ ಮಾರಿಲ್ಲ, ಪುಟ್ಟಿಗೆ ಇಟ್ಟುಕೊಂಡಿದ್ದೇನೆ. ಕ್ಲಿಯರ್ ಕೋಟಿನ ಹತ್ತಿರ ತರುವುದಿಲ್ಲ.